ಮಳೆ ಹಿಡಿದ ಮೇಲೆ ಆಂಕರಿನ ಲೋಡ್ ಸೆಲ್ ಏರುತ್ತಿದೆ: ಉಪಕರಣದ ದೋಷವೋ, ಬರೆಯ ಒತ್ತಡವೋ?

ಪ್ರಶ್ನೆ – ಪೆರ್ಲದ ಸೈಟ್ ಇಂಜಿನಿಯರ್

ಎಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ಓದಿದ ಸಿವಿಲ್ ಇಂಜಿನಿಯರ್. ಕಾಸರಗೋಡು ಜಿಲ್ಲೆಯ ಒಳನಾಡಿನಲ್ಲಿ ಗುಡ್ಡೆಯ ಬುಡ ಕಡಿದು ಕಟ್ಟಡಕ್ಕೆ ಜಾಗ ಮಾಡುವ ಕೆಲಸದಲ್ಲಿ ಒಂದು ವರ್ಷದಿಂದ ಇದ್ದೇನೆ. ಕಡಿದ ಬರೆಯ (ಗುಡ್ಡೆಯ ಕಡಿದಾದ ಮುಖದ) ಎತ್ತರ ಸುಮಾರು 11 ಮೀಟರ್. ಮೇಲಿನ ನಾಲ್ಕು ಮೀಟರ್ ಗಟ್ಟಿ ಮುರಕಲ್ಲು, ಅದರ ಕೆಳಗೆ ಬಿಳಿ ಮತ್ತು ಗುಲಾಬಿ ಬಣ್ಣದ ಶೇಡಿಮಣ್ಣು, ಅದಕ್ಕೂ ಕೆಳಗೆ ಕೊಳೆತ ಬಂಡೆ. ಮೇಲಿನಿಂದ ಕೆಳಕ್ಕೆ ಹಂತಹಂತವಾಗಿ ಕಾಂಕ್ರೀಟು ಗೋಡೆ ಕಟ್ಟುತ್ತ ಬಂದು, ಎರಡು ಸಾಲುಗಳಲ್ಲಿ ಒಟ್ಟು 26 ಆಂಕರುಗಳನ್ನು ಬಿಗಿದಿದ್ದೇವೆ. ಆಂಕರು ಎಂದರೆ ಗುಡ್ಡೆಯೊಳಗೆ ಕೊರೆದ ತೂತಿನಲ್ಲಿ ಒಳತುದಿಯನ್ನು ಗ್ರೌಟಿನಿಂದ (ಸಿಮೆಂಟಿನ ಹಾಲಿನಿಂದ) ಕಚ್ಚಿಸಿ, ಹೊರತುದಿಯನ್ನು ಎಳೆದು ಗೋಡೆಗೆ ಬಿಗಿದ ಉಕ್ಕಿನ ಕಟ್ಟು. ಪ್ರತಿ ಆಂಕರಿನಲ್ಲಿ 15.2 ಮಿಲಿಮೀಟರಿನ ನಾಲ್ಕು ಸ್ಟ್ರ್ಯಾಂಡುಗಳಿವೆ (ಉಕ್ಕಿನ ತಂತಿಗಳನ್ನು ಹೆಣೆದ ಹಗ್ಗಗಳು). ಗ್ರೌಟಿಗೆ ಅಂಟದೆ ಮುಕ್ತವಾಗಿರುವ ಉದ್ದ 12 ಮೀಟರ್, ಮಣ್ಣಿಗೆ ಕಚ್ಚಿಕೊಂಡ ಉದ್ದ 8 ಮೀಟರ್, ಇಳಿಜಾರು 15 ಡಿಗ್ರಿ.

ಕೆಳಸಾಲಿನ ಮೂರು ಆಂಕರುಗಳ ತಲೆಯಲ್ಲಿ ಆಂಕರಿನ ಬಲ ಅಳೆಯುವ, ಕಂಪಿಸುವ ತಂತಿಯ ಲೋಡ್ ಸೆಲ್‌ಗಳನ್ನು ಕೂರಿಸಿದ್ದಾರೆ. ಓದಿ ದಾಖಲಿಸುವ ಹೊಣೆಯನ್ನು ನನಗೆ ವಹಿಸಲಾಗಿದೆ, ಆದರೆ ಓದಿದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂದು ಯಾರೂ ಹೇಳಿಕೊಟ್ಟಿಲ್ಲ.

ಮೇ ತಿಂಗಳಲ್ಲಿ ಬಿಗಿಯುವಾಗ ಜ್ಯಾಕಿನ ಗೇಜು 400 ಕಿಲೋನ್ಯೂಟನ್ ತೋರಿಸುತ್ತಿತ್ತು. ಜ್ಯಾಕ್ ಬಿಟ್ಟ ಕೂಡಲೇ ಎರಡನೇ ಸೆಲ್ ತೋರಿಸಿದ್ದು 347 ಮಾತ್ರ, ಉಳಿದೆರಡೂ ಅದರ ಆಸುಪಾಸಿನಲ್ಲೇ ಇದ್ದವು. ಮೂರು ವಾರಗಳಲ್ಲಿ ಇವು ನಿಧಾನವಾಗಿ ಇಳಿದು, ಒಂದನೆಯದು 338, ಎರಡನೆಯದು 331, ಮೂರನೆಯದು 335ಕ್ಕೆ ನಿಂತವು. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯಿತು. ಅದಾಗಿ 19 ದಿನಗಳಲ್ಲಿ ಒಂದನೆಯದು 349ಕ್ಕೆ, ಎರಡನೆಯದು 368ಕ್ಕೆ ಏರಿದೆ, ಮೂರನೆಯದು ಮಾತ್ರ 298ಕ್ಕೆ ಇಳಿದಿದೆ. ಎರಡನೇ ಸೆಲ್ಲಿನ ಒಳಗಿರುವ ಮೂರು ತಂತಿಗಳ ಓದುಗಳು ಒಂದಕ್ಕೊಂದು ಹೊಂದುವುದಿಲ್ಲ. ಮೇ ತಿಂಗಳ ಬಿಸಿಲಿನಲ್ಲಂತೂ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಎಂಟು ಹತ್ತು ಕಿಲೋನ್ಯೂಟನ್ ವ್ಯತ್ಯಾಸ ಬರುತ್ತಿತ್ತು.

ಆಂಕರು ಹಾಕಿದವರ ಅಭಿಪ್ರಾಯದಲ್ಲಿ ಸೆಲ್‌ಗಳು ಮೊದಲ ದಿನವೇ 50 ಕಿಲೋನ್ಯೂಟನ್ ಕಡಿಮೆ ತೋರಿಸಿದ್ದರಿಂದ ಅವುಗಳನ್ನು ನಂಬುವಂತಿಲ್ಲ, ಓದುವುದನ್ನೇ ನಿಲ್ಲಿಸಬಹುದು. ನನಗೆ ಹಾಗೆ ಮಾಡಲು ಮನಸ್ಸು ಒಪ್ಪುತ್ತಿಲ್ಲ. ಗೋಡೆಯ ಕೆಳಗೆ ದಿನವೂ ಇಪ್ಪತ್ತು ಮಂದಿ ಕೆಲಸ ಮಾಡುತ್ತಾರೆ. ಉಪಕರಣ ಸರಿಯಿದೆಯೋ ಇಲ್ಲವೋ ಎಂದು ನಿರ್ಧರಿಸುವ ಖಚಿತವಾದ ದಾರಿ ಇದೆಯೇ? ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ – ಉಪಕರಣಗಳ ಕೆಲಸದವರು, ಹೊಸಂಗಡಿ

ಮೊದಲ ದಿನದ 53 ಕಿಲೋನ್ಯೂಟನ್ ಎಲ್ಲಿ ಹೋಯಿತು ಎಂಬುದರಿಂದ ಆರಂಭಿಸುತ್ತೇನೆ, ಏಕೆಂದರೆ ಸೆಲ್‌ಗಳ ಮೇಲಿನ ಅಪನಂಬಿಕೆ ಹುಟ್ಟಿದ್ದು ಅಲ್ಲಿಯೇ.

ನಿಮ್ಮ ಸ್ಟ್ರ್ಯಾಂಡಿನ ಅಡ್ಡಕೊಯ್ತ 140 ಚದರ ಮಿಲಿಮೀಟರ್, ನಾಲ್ಕಕ್ಕೆ 560. ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕವನ್ನು 195 ಗಿಗಾಪಾಸ್ಕಲ್ ಎಂದಿಟ್ಟುಕೊಂಡರೆ, 12 ಮೀಟರ್ ಮುಕ್ತ ಉದ್ದವು 400 ಕಿಲೋನ್ಯೂಟನ್ ಬಲಕ್ಕೆ 44 ಮಿಲಿಮೀಟರ್ ಹಿಗ್ಗುತ್ತದೆ. ಎಂದರೆ ಒಂದು ಮಿಲಿಮೀಟರಿಗೆ ಸುಮಾರು 9 ಕಿಲೋನ್ಯೂಟನ್. ಜ್ಯಾಕ್ ಬಿಟ್ಟಾಗ ಸ್ಟ್ರ್ಯಾಂಡುಗಳನ್ನು ತಲೆಯಲ್ಲಿ ಹಿಡಿದಿಡುವ ಬೆಣೆಗಳು ತಮ್ಮ ಗುಳಿಯೊಳಗೆ ಐದಾರು ಮಿಲಿಮೀಟರ್ ಎಳೆದುಕೊಂಡು ಕಚ್ಚುತ್ತವೆ, ಅಷ್ಟು ಹಿಗ್ಗು ಕಳೆದುಹೋಗುತ್ತದೆ. ಆರು ಮಿಲಿಮೀಟರಿಗೆ 54 ಕಿಲೋನ್ಯೂಟನ್. ನಿಮ್ಮ ಸೆಲ್ ತೋರಿಸಿದ್ದು ಇದನ್ನೇ. ಅದು ತಪ್ಪು ತೋರಿಸಿದ್ದಲ್ಲ, ಆಂಕರಿನಲ್ಲಿ ನಿಜವಾಗಿ ಉಳಿದ ಬಲವನ್ನು ಹೇಳಿದೆ. ಲಾಕ್ ಮಾಡಿದ ಮೇಲೆ 400 ಉಳಿಯಬೇಕಿದ್ದರೆ ಬೆಣೆಯ ನಷ್ಟವನ್ನು ಮೊದಲೇ ಲೆಕ್ಕ ಹಾಕಿ ಜ್ಯಾಕನ್ನು ಅಷ್ಟು ಮೇಲಕ್ಕೆ ಒಯ್ಯಬೇಕಿತ್ತು, ಇಲ್ಲವೇ ತಲೆಯ ಕೆಳಗೆ ತೆಳು ತಗಡುಗಳನ್ನು ತುರುಕಿ ಸರಿಪಡಿಸಬೇಕಿತ್ತು. ಮುಕ್ತ ಉದ್ದ ಕಡಿಮೆಯಿದ್ದಷ್ಟೂ ಈ ನಷ್ಟ ಹೆಚ್ಚು.

ಅನಂತರದ ಮೂರು ವಾರಗಳ ಇಳಿಕೆಯೂ ಸಹಜ. ಪಕ್ಕದ ಆಂಕರುಗಳನ್ನು ಬಿಗಿಯುತ್ತ ಹೋದಂತೆ ಗೋಡೆ ಮಣ್ಣಿನ ಕಡೆಗೆ ಒತ್ತಿಕೊಳ್ಳುತ್ತದೆ, ಮೊದಲು ಬಿಗಿದದ್ದು ಸ್ವಲ್ಪ ಸಡಿಲವಾಗುತ್ತದೆ. ಉಕ್ಕಿನ ರಿಲ್ಯಾಕ್ಸೇಷನ್ (ಎಳೆದಿಟ್ಟ ಉಕ್ಕಿನ ಬಲ ತಾನಾಗಿ ಕುಗ್ಗುವುದು) ಇದರಲ್ಲಿ ಚಿಕ್ಕ ಪಾಲು. ಕಡಿಮೆ ರಿಲ್ಯಾಕ್ಸೇಷನ್ನಿನ ಸ್ಟ್ರ್ಯಾಂಡು, ಒಡೆಯುವ ಬಲದ ಶೇಕಡಾ 70ರಷ್ಟು ಎಳೆತದಲ್ಲಿ 1000 ಗಂಟೆ ಇದ್ದರೂ ಶೇಕಡಾ 2.5ಕ್ಕಿಂತ ಹೆಚ್ಚು ಬಲ ಕಳೆದುಕೊಳ್ಳಬಾರದು, ನಿಮ್ಮದು ಅದರ ಅರ್ಧದಷ್ಟು ಎಳೆತದಲ್ಲೂ ಇಲ್ಲ.

ಇನ್ನು ಮೂರು ತಂತಿಗಳ ವಿಷಯ. ಕಂಪಿಸುವ ತಂತಿಯ ಸೆಲ್ ಎಂದರೆ ನಡುವೆ ತೂತಿರುವ ಉಕ್ಕಿನ ಉರುಳೆ. ಅದರ ಸುತ್ತ ಸಮ ಅಂತರದಲ್ಲಿ ಬಿಗಿದ ಸಣ್ಣ ತಂತಿಗಳಿರುತ್ತವೆ. ಭಾರ ಬಿದ್ದಾಗ ಉರುಳೆ ಕುಗ್ಗಿ, ತಂತಿ ಸಡಿಲಾಗಿ, ವೀಣೆಯ ತಂತಿ ಸಡಿಲಿಸಿದಾಗ ಶ್ರುತಿ ಇಳಿಯುವಂತೆ ಅದರ ಕಂಪನಾಂಕ ಇಳಿಯುತ್ತದೆ. ರೀಡ್‌ಔಟ್ ತೋರಿಸುವ ಅಂಕೆ ಕಂಪನಾಂಕದ ವರ್ಗವನ್ನು ಸಾವಿರದಿಂದ ಭಾಗಿಸಿದ್ದು. 2600 ಹರ್ಟ್ಜ್ ಇದ್ದರೆ 6760. ಆಂಕರು 15 ಡಿಗ್ರಿ ಓರೆಯಾಗಿರುವುದರಿಂದ ತಲೆಯ ಕೆಳಗಿನ ಕಾಂಕ್ರೀಟು ಗುದ್ದು (ಆಸರೆಯ ದಿಮ್ಮಿ) ಅದಕ್ಕೆ ಸರಿಯಾಗಿ ಲಂಬವಾಗಿ ಕೂರದಿದ್ದರೆ ಭಾರ ಒಂದು ಬದಿಗೆ ಹೆಚ್ಚು ಬೀಳುತ್ತದೆ. ಆಗ ಮೂರು ತಂತಿಗಳು ಮೂರು ಅಂಕೆ ಕೊಡುವುದೇ ಸರಿ, ಮೂರು ತಂತಿಗಳನ್ನು ಇಟ್ಟಿರುವುದೂ ಸರಾಸರಿ ತೆಗೆಯಲೆಂದೇ. ಬದಲಿಗೆ ನೀವು ಗಮನಿಸಬೇಕಾದದ್ದು, ಪ್ರತಿ ತಂತಿಯೂ ತನ್ನದೇ ಶೂನ್ಯ ಓದಿನಿಂದ ಎಷ್ಟು ಇಳಿದಿದೆ, ಮತ್ತು ಮೂರೂ ಒಂದೇ ದಿಕ್ಕಿನಲ್ಲಿ ಸಾಗುತ್ತಿವೆಯೇ ಎಂಬುದನ್ನು. ಒಂದು ತಂತಿ ಸತ್ತರೆ ಉಳಿದೆರಡರ ಸರಾಸರಿಯನ್ನು ಹಳೆಯ ಸರಾಸರಿಯ ಮುಂದುವರಿಕೆಯಂತೆ ಬರೆಯಬೇಡಿ. ಓರೆ ಭಾರದಲ್ಲಿ ಅದು ಪೂರ್ತಿ ದಾರಿ ತಪ್ಪಿಸುತ್ತದೆ.

ಭಾರವಿಲ್ಲದ ಸ್ಥಿತಿಯ ಶೂನ್ಯ ಓದನ್ನು ಸೈಟಿನಲ್ಲೇ ತೆಗೆದಿದ್ದೀರಾ? ಕಾರ್ಖಾನೆಯ ಹಾಳೆಯಲ್ಲಿರುವ ಶೂನ್ಯವನ್ನೇ ಬಳಸಿದ್ದರೆ ದಯವಿಟ್ಟು ತಿಳಿಸಿ, ಲೆಕ್ಕ ಬದಲಾಗುತ್ತದೆ.

ಬಿಸಿಲಿನ ಏರಿಳಿತಕ್ಕೆ ಪರಿಹಾರ ಸುಲಭ. ದಿನವೂ ಬೆಳಗ್ಗೆ ಏಳರೊಳಗೆ ಓದಿ, ಸೆಲ್ಲಿನ ಥರ್ಮಿಸ್ಟರ್ (ಉಷ್ಣತೆ ಅಳೆಯುವ ಭಾಗ) ತೋರಿಸುವ ಉಷ್ಣತೆಯನ್ನು ಪಕ್ಕದಲ್ಲೇ ಬರೆಯಿರಿ, ಸೆಲ್ಲಿಗೆ ನೆರಳು ಮಾಡಿ. ಉಪ್ಪಳದ ಕಡೆಯ ಒಂದು ಕೆಲಸದಲ್ಲಿ ನಾವು ದಪ್ಪನೆಯ ಅಡಿಕೆ ಹಾಳೆಗಳನ್ನು ಎರಡು ಪದರ ಕಟ್ಟಿದ್ದೆವು, ಮಧ್ಯಾಹ್ನದ ವ್ಯತ್ಯಾಸ ಅರ್ಧಕ್ಕಿಂತ ಕಡಿಮೆಯಾಯಿತು. ಇನ್ನೊಂದು ಮಾತು. ನಮ್ಮಲ್ಲಿ ತುಲಾ ಮಾಸದ (ಅಕ್ಟೋಬರ್-ನವೆಂಬರ್) ಸಂಜೆಯ ಸಿಡಿಲು ಮಳೆಗಿಂತ ಕೆಟ್ಟದ್ದು. ಕೇಬಲನ್ನು ಗೋಡೆಯ ಮೇಲೆ ಉದ್ದಕ್ಕೆ ತೂಗುಬಿಡದೆ ಪೈಪಿನೊಳಗೆ ಒಯ್ದು, ಸರ್ಜ್ ಅರೆಸ್ಟರ್ ಹಾಕಿಸಿ.

ಮರುಪ್ರಶ್ನೆ – ಪೆರ್ಲದ ಸೈಟ್ ಇಂಜಿನಿಯರ್

ಶೂನ್ಯ ಓದನ್ನು ಸೈಟಿನಲ್ಲಿಯೇ, ಸೆಲ್ಲನ್ನು ನೆರಳಿನಲ್ಲಿ ಎರಡು ಗಂಟೆ ಇಟ್ಟು, ಮೂರು ಸಲ ತೆಗೆದಿದ್ದೇನೆ, ಮೂರೂ ಹೊಂದಿವೆ. ಎರಡನೇ ಸೆಲ್ಲಿನ ಮೂರೂ ತಂತಿಗಳು ಜೂನಿನಲ್ಲಿ ಇಳಿಯುತ್ತಲೇ ಇವೆ, ಎಂದರೆ ಬಲ ಮೂರರಲ್ಲೂ ಏರುತ್ತಿದೆ. ಹಾಗಾದರೆ ಏರಿಕೆ ನಿಜವೆಂದೇ ತಿಳಿಯಬೇಕೇ? ಮೂರನೆಯದು ಇಳಿಯುತ್ತಿರುವುದು ಒಳ್ಳೆಯ ಲಕ್ಷಣವೇ?

ಉತ್ತರ – ನಿವೃತ್ತ ಭೂತಾಂತ್ರಿಕ ಇಂಜಿನಿಯರ್, ಮಂಜೇಶ್ವರ

ಮೂರನೆಯದರ ಇಳಿಕೆ ಒಳ್ಳೆಯ ಲಕ್ಷಣವಲ್ಲ. ನನಗೆ ಹೆಚ್ಚು ಆತಂಕ ಇರುವುದು ಅದರ ಬಗ್ಗೆಯೇ.

ಆಂಕರಿನ ಬಲವನ್ನು ಒಂಟಿಯಾಗಿ ಓದಿ ತೀರ್ಮಾನಕ್ಕೆ ಬರಲು ಸಾಧ್ಯವಿಲ್ಲ. ಗೋಡೆಯ ಚಲನೆಯನ್ನೂ ಹಿಂದಿನ ನೀರಿನ ಮಟ್ಟವನ್ನೂ ಪಕ್ಕದಲ್ಲಿಟ್ಟು ಓದಿದಾಗಷ್ಟೇ ಆ ಅಂಕೆಗೆ ಅರ್ಥ ಬರುತ್ತದೆ. ಬಲ ಏರುತ್ತಿದೆ, ಗೋಡೆಯೂ ಹೊರಗೆ ಬರುತ್ತಿದೆ ಎಂದಾದರೆ ಗುಡ್ಡೆ ತಳ್ಳುತ್ತಿದೆ, ಆಂಕರು ಹಿಡಿದುಕೊಂಡಿದೆ. ಬಲ ಇಳಿಯುತ್ತಿದೆ, ಗೋಡೆ ಅಲುಗಿಲ್ಲ ಎಂದಾದರೆ ತಲೆಯ ಕೆಳಗಿನ ಗುದ್ದು ಕುಳಿತಿರಬಹುದು ಅಥವಾ ಬೆಣೆ ಜಾರಿರಬಹುದು. ಆದರೆ ಬಲ ಇಳಿಯುತ್ತಿದ್ದು ಗೋಡೆ ಮಾತ್ರ ಹೊರಗೆ ಬರುತ್ತಿದ್ದರೆ, ಒಳಗೆ ಕಚ್ಚಿಕೊಂಡಿದ್ದ ತುದಿ ಜಾರುತ್ತಿದೆ ಎಂದೇ ಮೊದಲು ಅನುಮಾನಿಸಬೇಕು.

ಇದನ್ನು ನಿಮ್ಮ ಅಂಕೆಗಳಿಗೇ ಹಚ್ಚಿ ನೋಡೋಣ. ಎರಡನೇ ಆಂಕರು 37 ಕಿಲೋನ್ಯೂಟನ್ ಏರಿದೆ. ಮಿಲಿಮೀಟರಿಗೆ 9ರ ಲೆಕ್ಕದಲ್ಲಿ ಅದಕ್ಕೆ ಗೋಡೆ ಸುಮಾರು 4 ಮಿಲಿಮೀಟರ್ ಹೊರಗೆ ಬಂದಿರಬೇಕು. ಟೋಟಲ್ ಸ್ಟೇಷನ್ನಿನಲ್ಲಿ (ಸರ್ವೆಯ ಉಪಕರಣ) ಗೋಡೆಯ ಗುರುತುಗಳನ್ನು ನೋಡಿ. ಒಂದು ಸಲದ ಅಳತೆಯಲ್ಲಿ ಒಂದೆರಡು ಮಿಲಿಮೀಟರ್ ದೋಷ ಇದ್ದೇ ಇರುತ್ತದೆ, ಆದ್ದರಿಂದ ನಾಲ್ಕೈದು ಸಲ ಅಳೆದು ಸರಾಸರಿ ತೆಗೆಯಿರಿ. ಅದು 4ರ ಹತ್ತಿರ ಬಂದರೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಉಪಕರಣಗಳು ಒಂದೇ ಮಾತು ಹೇಳಿದಂತಾಯಿತು. ಮೂರನೆಯದು 37 ಕಿಲೋನ್ಯೂಟನ್ ಇಳಿದಿದೆ. ಅಲ್ಲಿ ಗೋಡೆ 3 ಮಿಲಿಮೀಟರ್ ಹೊರಗೆ ಬಂದಿದೆ ಎಂದು ಭಾವಿಸಿದರೆ ಒಳತುದಿ ಸುಮಾರು 7 ಮಿಲಿಮೀಟರ್ ಜಾರಿದೆ ಎಂದರ್ಥ. ಆ ಆಂಕರು ಬಿಟ್ಟ ಭಾರವನ್ನು ಅಕ್ಕಪಕ್ಕದವು ಹೊರುತ್ತಿವೆ. ಎರಡನೆಯದರ ಏರಿಕೆಯಲ್ಲಿ ಅದರ ಪಾಲೂ ಇರಬಹುದು.

ಉಪಕರಣ ಸರಿಯಿದೆಯೇ ಎಂಬುದಕ್ಕೆ ಖಚಿತವಾದ ಪರೀಕ್ಷೆ ಲಿಫ್ಟ್ ಆಫ್. ಆಂಕರಿನ ತಲೆಯ ಮೇಲೆ ಕುರ್ಚಿಯಂಥ ಚೌಕಟ್ಟಿಟ್ಟು, ಹೊರಗೆ ಉಳಿದ ಸ್ಟ್ರ್ಯಾಂಡಿನ ತುದಿಗಳನ್ನು ಜ್ಯಾಕಿನಿಂದ ಹಿಡಿದು, ಹತ್ತು ಹತ್ತು ಕಿಲೋನ್ಯೂಟನ್ ಏರಿಸುತ್ತ ಪ್ರತಿ ಹಂತದಲ್ಲೂ ಡಯಲ್ ಗೇಜಿನಿಂದ ಚಲನೆಯನ್ನು ಅಳೆಯಬೇಕು. ಮೊದಲು ಹಿಗ್ಗುವುದು ಹೊರಗಿನ ಒಂದು ಮೀಟರಿನಷ್ಟು ತುದಿ ಮಾತ್ರ, ಆದ್ದರಿಂದ ಗೆರೆ ಬಹಳ ಕಡಿದಾಗಿ ಏರುತ್ತದೆ, ಮಿಲಿಮೀಟರಿಗೆ ನೂರು ಕಿಲೋನ್ಯೂಟನ್ನಿನಂತೆ. ಜ್ಯಾಕಿನ ಬಲ ಆಂಕರಿನ ಬಲವನ್ನು ಮೀರಿದ ಕ್ಷಣ ಬೆಣೆಯ ತಟ್ಟೆ ಮೇಲೇಳುತ್ತದೆ. ಆಮೇಲೆ ಇಡೀ 12 ಮೀಟರ್ ಹಿಗ್ಗಬೇಕಾದ್ದರಿಂದ ಗೆರೆ ಒಮ್ಮೆಲೇ ಬಾಗಿ ಮಿಲಿಮೀಟರಿಗೆ ಒಂಬತ್ತಕ್ಕೆ ಬರುತ್ತದೆ. ಎರಡು ಗೆರೆಗಳು ಕೂಡುವ ಬಿಂದುವೇ ಆಂಕರಿನ ನಿಜವಾದ ಬಲ. ತಟ್ಟೆಯ ಕೆಳಗೆ ಅರ್ಧ ಮಿಲಿಮೀಟರಿನ ಫೀಲರ್ ಗೇಜ್ (ತೆಳು ಉಕ್ಕಿನ ಪಟ್ಟಿ) ಸುತ್ತಲೂ ಸುಲಭವಾಗಿ ತೂರಿದರೆ ತಲೆ ಎದ್ದಿದೆಯೆಂದು ಕೈಗೇ ತಿಳಿಯುತ್ತದೆ. ಜ್ಯಾಕಿನ ಗೇಜಿಗೆ ಇತ್ತೀಚಿನ ಕ್ಯಾಲಿಬ್ರೇಷನ್ ಇರಬೇಕು. ಜ್ಯಾಕಿನ ಹಿಂಬದಿಯ ಸಾಲಿನಲ್ಲಿ ಯಾರೂ ನಿಲ್ಲಬಾರದು, ಒಂದು ಸ್ಟ್ರ್ಯಾಂಡು ತುಂಡಾದರೆ ಅದು ಈಟಿಯಂತೆ ಬರುತ್ತದೆ.

ಪ್ರಯೋಗಕ್ಕೆ ಸ್ಟ್ರ್ಯಾಂಡಿನ ತುದಿಗಳು ಬೇಕು. ಅವನ್ನು ಕತ್ತರಿಸಿದ್ದಾರೆಯೇ ಎಂದು ಇವತ್ತೇ ನೋಡಿ, ಕತ್ತರಿಸಿಲ್ಲವಾದರೆ ಕತ್ತರಿಸಲು ಬಿಡಬೇಡಿ.

ಬಲವು ಮೊದಲಿನದಕ್ಕಿಂತ ಶೇಕಡಾ 10 ಬದಲಾದರೆ ಕಾರಣ ಹುಡುಕಬೇಕು ಎಂಬುದು ಈ ಕ್ಷೇತ್ರದಲ್ಲಿ ರೂಢಿಯಾದ ಗಡಿ. ನಿಮ್ಮ ಎರಡೂ ಆಂಕರುಗಳು ಅದನ್ನು ದಾಟಿವೆ. ಕೆಲವರು ಉಕ್ಕಿನ ಬಲವನ್ನು ತೋರಿಸಿ ಸಮಾಧಾನ ಹೇಳಬಹುದು. ನಾಲ್ಕು ಸ್ಟ್ರ್ಯಾಂಡುಗಳು ಒಡೆಯಲು ಸುಮಾರು 1040 ಕಿಲೋನ್ಯೂಟನ್ ಬೇಕು ನಿಜ, 368 ಅದಕ್ಕೆ ಏನೂ ಅಲ್ಲ. ಆದರೆ ಶೇಡಿಮಣ್ಣಿನಲ್ಲಿ ಸೋಲುವುದು ಉಕ್ಕಲ್ಲ, ಗ್ರೌಟಿಗೂ ಮಣ್ಣಿಗೂ ನಡುವಿನ ಹಿಡಿತ. ಒಣಗಿದಾಗ ಉಗುರಿಗೆ ಗೀರಲು ಕಷ್ಟವಾಗುವ ಶೇಡಿ ನೀರು ಕುಡಿದ ಮೇಲೆ ಬೆರಳಿಗೆ ಬೆಣ್ಣೆಯಂತೆ ಸಿಗುತ್ತದೆ ಎಂಬುದನ್ನು ಬಾವಿ ತೋಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಮೇ ತಿಂಗಳಲ್ಲಿ ಮಾಡಿದ ಆಂಕರು ಪರೀಕ್ಷೆ ಆಟಿ ತಿಂಗಳ (ಜುಲೈ-ಆಗಸ್ಟ್ ಮಳೆಗಾಲದ) ಶೇಡಿಗೆ ಸಾಕ್ಷಿಯಾಗುವುದಿಲ್ಲ.

ಓದುವುದನ್ನು ನಿಲ್ಲಿಸಿ ಎಂದವರಿಗೆ ಒಂದು ಘಟನೆಯನ್ನು ತಿಳಿಸಿ. 2010ರ ಏಪ್ರಿಲ್ 25ರಂದು ತೈವಾನಿನ ಕೀಲುಂಗ್ ಬಳಿ ಮೂರನೇ ಸಂಖ್ಯೆಯ ಹೆದ್ದಾರಿಯ ಮೇಲೆ ಆಂಕರು ಬಿಗಿದ ಇಡೀ ಇಳಿಜಾರು ಜಾರಿಬಿದ್ದು ನಾಲ್ವರು ಸತ್ತರು. ಅಂದು ಮಳೆಯೂ ಇರಲಿಲ್ಲ. ಬಂಡೆಯ ಪದರಗಳು ರಸ್ತೆಯ ಕಡೆಗೇ ವಾಲಿದ್ದವು, ಆಂಕರುಗಳ ಸ್ಟ್ರ್ಯಾಂಡುಗಳು ಒಳಗೆ ತುಕ್ಕು ಹಿಡಿದಿದ್ದವು. ಹೊರಗಿನಿಂದ ನೋಡಿದವರಿಗೆ ಆಂಕರು ಸತ್ತಿದೆಯೆಂದು ತಿಳಿಯುವುದಿಲ್ಲ. ಅದನ್ನು ತಿಳಿಸಬಲ್ಲ ಸಾಧನವೇ ನಿಮ್ಮ ಕೈಯಲ್ಲಿರುವ ಆ ರೀಡ್‌ಔಟ್ ಪೆಟ್ಟಿಗೆ. 26 ಆಂಕರುಗಳಿಗೆ ಮೂರು ಸೆಲ್ ಎಂಬುದು ಸಂಖ್ಯೆಯಲ್ಲಿ ಕಡಿಮೆಯೇನಲ್ಲ, ಆದರೆ ಮೇಲಿನ ಸಾಲಿನಲ್ಲಿ ಒಂದೂ ಇಲ್ಲದಿರುವುದು ಕೊರತೆ.

ಲಿಫ್ಟ್ ಆಫ್ ಮುಗಿಯುವವರೆಗೆ ಮೂರನೇ ಆಂಕರಿನ ಎದುರು ಜನರನ್ನು ಕೆಲಸಕ್ಕೆ ನಿಲ್ಲಿಸಬೇಡಿ. ಇದನ್ನು ಬಾಯಿಮಾತಿನಲ್ಲಿ ಹೇಳದೆ ಸೈಟಿನ ರಿಜಿಸ್ಟರಿನಲ್ಲಿ ಅಂಕೆಗಳ ಸಹಿತ ಬರೆದು, ವಿನ್ಯಾಸ ಮಾಡಿದವರಿಗೆ ಅಂದೇ ಕಳುಹಿಸಿ.

ಉತ್ತರ – ಬಾಯಾರಿನ ಕೃಷಿಕ

ನಾನು ಇಂಜಿನಿಯರ್ ಅಲ್ಲ, ಆದರೆ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಸುರಂಗದ ನೀರನ್ನೇ ಕುಡಿಯುತ್ತಿದ್ದೇವೆ. ತಮ್ಮ ಗುಡ್ಡೆಯಲ್ಲಿ ಹಳೆಯ ಸುರಂಗವೇನಾದರೂ ಇದೆಯೇ ಎಂದು ಯಾರಾದರೂ ವಿಚಾರಿಸಿದ್ದಾರೆಯೇ? ಬಾಯಾರು, ಎಣ್ಮಕಜೆ, ಪೈವಳಿಕೆಯ ಕಡೆ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗಗಳು ಎಷ್ಟೋ ಇವೆ. ಮನೆ ಬಿಟ್ಟು ಹೋದವರ ಸುರಂಗದ ಬಾಯಿ ಮುಚ್ಚಿ ಕಾಡು ಬೆಳೆದಿರುತ್ತದೆ, ಒಳಗೆ ನೀರು ಮಾತ್ರ ಹರಿಯುತ್ತಲೇ ಇರುತ್ತದೆ. ಬಾಯಿ ಕುಸಿದು ಕಟ್ಟಿಕೊಂಡ ಸುರಂಗ ಗುಡ್ಡೆಯ ಹೊಟ್ಟೆಯಲ್ಲಿ ನೀರಿನ ತೊಟ್ಟಿ ಇದ್ದಂತೆ.

ಆಂಕರಿಗೆ ತೂತು ಕೊರೆಯುವಾಗ ಎಲ್ಲಿಯಾದರೂ ಗಾಳಿ ಆಚೆಗೆ ಹೋದದ್ದು, ಗ್ರೌಟು ಎಷ್ಟು ಹಾಕಿದರೂ ತುಂಬದೆ ಹೋದದ್ದು ಇದ್ದರೆ ನೆನಪು ಮಾಡಿಕೊಳ್ಳಿ. ಸುತ್ತಲಿನ ಒಸರುಗಳನ್ನೂ ನೋಡಿ. ಒಸರಿನ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿದ್ದರೆ ಒಳಗಿನ ಶೇಡಿ ಕರಗಿ ಬರುತ್ತಿದೆ, ಗುಡ್ಡೆ ಒಳಗಿನಿಂದ ಟೊಳ್ಳಾಗುತ್ತಿದೆ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಅಂಥ ಸುರಂಗಕ್ಕೆ ಅವರು ಮಳೆಗಾಲದಲ್ಲಿ ಇಳಿಯುತ್ತಿರಲಿಲ್ಲ.

ಉತ್ತರ – ನೀಲೇಶ್ವರದಲ್ಲಿರುವ ಕನ್ನಡಿಗ

2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲ ಗುಡ್ಡ ಹೆದ್ದಾರಿಗೆ ಜರಿದ ಮೇಲೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಸಾಯಿಲ್ ನೈಲಿಂಗ್ ಎಂಬ ಮಾತಿದೆ. ಇಲ್ಲಿ ಚರ್ಚಿಸುತ್ತಿರುವ ಆಂಕರೂ ಅದೂ ಒಂದೇ ಏನು? ಮೊಳೆಗಳಿಗೂ ಹೀಗೆ ಸೆಲ್ ಹಾಕಬಹುದೇ?

ಉತ್ತರ – ನಿವೃತ್ತ ಭೂತಾಂತ್ರಿಕ ಇಂಜಿನಿಯರ್, ಮಂಜೇಶ್ವರ

ಒಂದೇ ಅಲ್ಲ. ಆಂಕರನ್ನು ಮೊದಲೇ ಎಳೆದು ಬಿಗಿಯುತ್ತೇವೆ, ಮಣ್ಣು ಅಲುಗುವ ಮೊದಲೇ ಅದರಲ್ಲಿ ಬಲ ಇರುತ್ತದೆ. ಮಣ್ಣಿನ ಮೊಳೆಯನ್ನು ಎಳೆಯುವುದಿಲ್ಲ. ಉದ್ದಕ್ಕೂ ಗ್ರೌಟು ತುಂಬಿರುತ್ತದೆ, ಮಣ್ಣು ಸ್ವಲ್ಪ ಸರಿದಾಗಷ್ಟೇ ಅದರೊಳಗೆ ಬಲ ಹುಟ್ಟುತ್ತದೆ, ಅದೂ ತಲೆಯಲ್ಲಿ ಕಡಿಮೆ, ನಡುವಿನಲ್ಲಿ ಹೆಚ್ಚು. ಆದ್ದರಿಂದ ಮೊಳೆಯ ತಲೆಗೆ ಹಾಕಿದ ಸೆಲ್ ಪೂರ್ತಿ ಕಥೆ ಹೇಳುವುದಿಲ್ಲ. ಸರಳಿನ ಉದ್ದಕ್ಕೂ ಅಲ್ಲಲ್ಲಿ ಸ್ಟ್ರೇನ್ ಗೇಜುಗಳನ್ನು ಅಂಟಿಸಬೇಕಾಗುತ್ತದೆ. ಎರಡಕ್ಕೂ ಸಮಾನವಾದದ್ದು ನೀರಿನ ಶತ್ರುತ್ವ.

ಬಾಯಾರಿನವರು ಕೇಳಿದ ಪ್ರಶ್ನೆ ಇಲ್ಲಿ ನಾವೆಲ್ಲ ಬರೆದದ್ದಕ್ಕಿಂತ ಮುಖ್ಯವಾದದ್ದು. ದಯವಿಟ್ಟು ಅದಕ್ಕೆ ಮೊದಲು ಉತ್ತರ ಹುಡುಕಿ.

ಹದಿನೈದು ದಿನಗಳ ಬಳಿಕ – ಪೆರ್ಲದ ಸೈಟ್ ಇಂಜಿನಿಯರ್

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಮೂರನೇ ಆಂಕರಿನ ಕೊರೆತದ ದಾಖಲೆ ತೆಗೆದು ನೋಡಿದೆ. ಒಳತುದಿ ಕೊಳೆತ ಬಂಡೆಯಲ್ಲಿ ಇರಬೇಕಿತ್ತು, ಆದರೆ 17 ಮೀಟರಿನವರೆಗೂ ಶೇಡಿಯೇ ಬಂದಿದೆ ಎಂದು ಕೊರೆದವರು ಮಲಯಾಳದಲ್ಲಿ ಬರೆದಿಟ್ಟಿದ್ದಾರೆ. ಅದನ್ನು ಯಾರೂ ಓದಿರಲಿಲ್ಲ. ಗ್ರೌಟೂ ಅಕ್ಕಪಕ್ಕದವುಗಳ ಎರಡು ಪಟ್ಟು ಹೋಗಿದೆ. ಗುಡ್ಡೆಯ ಆಚೆ ಬದಿಯ ಮನೆಯ ಹಿರಿಯರೊಬ್ಬರನ್ನು ಕೇಳಿದಾಗ, ತಮ್ಮ ತಂದೆಯ ಕಾಲದ ಸುರಂಗವೊಂದು ಈ ಕಡೆಗೆ ಬಂದಿತ್ತೆಂದೂ ಬಾಯಿ ಕುಸಿದು ಬಹಳ ವರ್ಷವಾಯಿತೆಂದೂ ಹೇಳಿ ಜಾಗ ತೋರಿಸಿದರು. ಅಲ್ಲಿನ ಒಸರಿನ ನೀರನ್ನು ಬಾಟಲಿಯಲ್ಲಿ ಹಿಡಿದು ರಾತ್ರಿ ಇಟ್ಟೆ. ಬೆಳಗ್ಗೆ ತಳದಲ್ಲಿ ಒಂದು ಬೆರಳಿನಷ್ಟು ಬಿಳಿ ಮಣ್ಣು ಕುಳಿತಿತ್ತು.

ಗೋಡೆಯ ಅಳತೆಯಲ್ಲಿ ಎರಡನೇ ಆಂಕರಿನ ಬಳಿ 4, ಮೂರನೆಯದರ ಬಳಿ 5 ಮಿಲಿಮೀಟರ್ ಹೊರಚಲನೆ ಸಿಕ್ಕಿತು. ಲಿಫ್ಟ್ ಆಫ್ ನಡೆದ ದಿನ ಎರಡನೇ ಸೆಲ್ 374 ತೋರಿಸುತ್ತಿತ್ತು, ಜ್ಯಾಕಿನ ಗೆರೆ ಬಾಗಿದ್ದು 379ರಲ್ಲಿ. ಮೂರನೇ ಸೆಲ್ 294, ಜ್ಯಾಕು 298. ಸೆಲ್‌ಗಳನ್ನು ನಂಬುವಂತಿಲ್ಲ ಎಂದವರು ಫೀಲರ್ ಗೇಜನ್ನು ತಾವೇ ತೂರಿಸಿ ನೋಡಿ ಒಪ್ಪಿಕೊಂಡರು. ಬಳಿಕ ಮೂರನೆಯದನ್ನು 330ಕ್ಕೆ ಏರಿಸಿ ಒಂದು ಗಂಟೆ ಹಿಡಿದರು. ಆರನೇ ನಿಮಿಷದಿಂದ ಅರವತ್ತನೇ ನಿಮಿಷದೊಳಗೆ ಚಲನೆ 2 ಮಿಲಿಮೀಟರ್ ಮೀರಬಾರದೆಂದು ನಿಯಮವಂತೆ, ಇಲ್ಲಿ 3.4 ಆಯಿತು. ವಿನ್ಯಾಸಕಾರರು ಆ ಆಂಕರನ್ನು ಲೆಕ್ಕದಿಂದ ತೆಗೆದು, ಅದರ ಎರಡೂ ಬದಿಗೆ ಬಂಡೆಯನ್ನು ಮುಟ್ಟುವ 26 ಮೀಟರಿನ ಎರಡು ಹೊಸ ಆಂಕರುಗಳಿಗೆ ಆದೇಶಿಸಿದ್ದಾರೆ. ಅಲ್ಲಿಯವರೆಗೆ ಗೋಡೆಯ ಬುಡಕ್ಕೆ ಮಣ್ಣಿನ ಆಸರೆ ತುಂಬಿದ್ದೇವೆ, ಆ ಭಾಗದಲ್ಲಿ ಕೆಲಸ ನಿಂತಿದೆ.

ಗೋಡೆಯ ಮೂಲಕ ಸ್ವಲ್ಪ ಮೇಲ್ಮುಖವಾಗಿ ಐದು ನೀರಿನ ಕೊಳವೆಗಳನ್ನು ಕೊರೆಸಿದೆವು. ಮೂರರಲ್ಲಿ ತೊಟ್ಟಿಕ್ಕುತ್ತದೆ, ಎರಡರಲ್ಲಿ ಮೊದಲ ದಿನ ಕೈಬೆರಳಿನ ದಪ್ಪಕ್ಕೆ ನೀರು ಬಂತು. ಶೇಡಿ ಕೊಚ್ಚಿ ಹೋಗದಂತೆ ಕೊಳವೆಗಳಿಗೆ ಫಿಲ್ಟರ್ ಬಟ್ಟೆ ಸುತ್ತಿದ್ದೇವೆ. ಪೈಜೋಮೀಟರಿನ (ಮಣ್ಣಿನೊಳಗಿನ ನೀರಿನ ಮಟ್ಟ ಅಳೆಯುವ ಸಾಧನ) ನೀರು ನಾಲ್ಕು ದಿನಗಳಲ್ಲಿ 1.8 ಮೀಟರ್ ಇಳಿಯಿತು, ಎರಡನೇ ಸೆಲ್ 374ರಿಂದ 361ಕ್ಕೆ ಬಂದಿದೆ. ಮಳೆ ಇನ್ನೂ ಸುರಿಯುತ್ತಿದೆ, ನಾನು ಬೆಳಗ್ಗೆ ಆರೂವರೆಗೆ ಓದುತ್ತಿದ್ದೇನೆ. ಹೊಸ ಎರಡು ಆಂಕರುಗಳಿಗೂ ಮೇಲಿನ ಸಾಲಿನ ಒಂದಕ್ಕೂ ಸೆಲ್ ಬರಲಿದೆ.

ಒಂದೇ ಸಂದೇಹ ಉಳಿದಿದೆ. ಸ್ಟ್ರ್ಯಾಂಡಿನ ತುದಿಗಳನ್ನು ಕತ್ತರಿಸದೆ ಬಿಟ್ಟರೆ ತುಕ್ಕು ಹಿಡಿಯುವುದಿಲ್ಲವೇ?

ಉತ್ತರ – ಉಪಕರಣಗಳ ಕೆಲಸದವರು, ಹೊಸಂಗಡಿ

ತೆರೆದೇ ಬಿಟ್ಟರೆ ಹಿಡಿಯುತ್ತದೆ. ಆಂಕರುಗಳು ತುಕ್ಕಿನಿಂದ ಸೋತ ಪ್ರಕರಣಗಳಲ್ಲಿ ಹೆಚ್ಚಿನವು ತಲೆಯ ಹತ್ತಿರ ಅಥವಾ ಮುಕ್ತ ಉದ್ದದಲ್ಲೇ ನಡೆದಿವೆ, ಗ್ರೌಟಿನೊಳಗೆ ಕಚ್ಚಿಕೊಂಡ ಭಾಗದಲ್ಲಿ ಬಹಳ ವಿರಳ. ತುದಿಗಳಷ್ಟೇ ಉದ್ದದ ಉಕ್ಕಿನ ಟೋಪಿ ಮಾಡಿಸಿ, ಒಳಗೆ ಗ್ರೀಸು ತುಂಬಿ, ರಬ್ಬರ್ ಗ್ಯಾಸ್ಕೆಟ್ ಇಟ್ಟು ಬೋಲ್ಟ್ ಬಿಗಿಯಿರಿ. ತಟ್ಟೆಯ ಹಿಂದಿನ ತುತ್ತೂರಿಯಂಥ ಪೈಪಿನೊಳಗೂ ಗ್ರೀಸು ಪೂರ್ತಿ ತುಂಬಿದೆಯೇ ಎಂದು ಟೋಪಿ ಹಾಕುವ ಮೊದಲು ನೋಡಿ. ಅದು ಬೇಸಗೆಯಲ್ಲಿ ಕರಗಿ ಕೆಳಗಿಳಿದು ಮೇಲ್ಭಾಗ ಖಾಲಿಯಾಗಿರುವುದನ್ನು ನಾನು ಎರಡು ಕಡೆ ಕಂಡಿದ್ದೇನೆ.